ಎಂಟು ತಿಂಗಳಿಂದ ಸ್ಟ್ಯಾಂಡಿನ ಮೇಲೆ ನಿಂತ ಕಾರು

ಪ್ರಶ್ನೆ: ನನಗೆ 44 ವರ್ಷ. ಮೂಡಿಗೆರೆ ಕಡೆಯವನು. ಅಮೆರಿಕದ ಡೆನ್ವರ್ ಹತ್ತಿರ ಹೆಂಡತಿ ಮತ್ತು 13 ವರ್ಷದ ಮಗಳ ಜೊತೆ ಇದ್ದೇನೆ. ಕಳೆದ ವರ್ಷ ಆಷಾಢದಲ್ಲಿ ಅಪ್ಪ ತೀರಿಕೊಂಡರು. ನಾನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ವಾಪಸು ಬಂದ ಎರಡು ತಿಂಗಳಿಗೆ 2004ರ ಒಂದು ಹಳೆಯ ಸುಬಾರು ಫಾರೆಸ್ಟರ್ ಕೊಂಡೆ. ಮನೆಯ ಗ್ಯಾರೇಜಿನಲ್ಲೇ ಅದನ್ನು ಬೆಟ್ಟದ ದಾರಿಗೆ ತಯಾರು ಮಾಡಿ ಇಲ್ಲಿನ ಇಮೋಜಿನ್ ಪಾಸ್ ಎಂಬ ಘಾಟಿ ಹತ್ತಿಸಬೇಕೆಂಬುದು ಆಸೆ. ಎರಡು ಇಂಚು ಎತ್ತರಿಸುವ ಕಿಟ್, ದಪ್ಪ ಟೈರು, ಎಂಜಿನ್ ಕೆಳಗೆ ಹಾಕುವ ಅಲ್ಯೂಮಿನಿಯಂ ತಟ್ಟೆ ಎಲ್ಲ ತರಿಸಿದ್ದೇನೆ. ಒಂದು ಕೆಲಸ ಹಿಡಿದರೆ ಇನ್ನೆರಡು ಹುಟ್ಟುತ್ತವೆ. ಎಂಟು ತಿಂಗಳಿಂದ ಕಾರು ಸ್ಟ್ಯಾಂಡಿನ ಮೇಲೇ ಇದೆ. ರಾತ್ರಿ ಒಂದು ಗಂಟೆಯವರೆಗೂ ಅದರ ಕೆಳಗೆ ಮಲಗಿರುತ್ತೇನೆ. ಮನಸ್ಸು ಸುಮ್ಮನಾಗುವುದು ಅಲ್ಲಿ ಮಾತ್ರ. ಹೋದ ತಿಂಗಳು ಜಾಕ್ ಜಾರಿತು. ಕೂದಲೆಳೆಯಲ್ಲಿ ಕಾಲು ಉಳಿಯಿತು. ಮನೆಯಲ್ಲಿ ಹೇಳಿಲ್ಲ. ಹೆಂಡತಿ, 'ಆ ಕಾರನ್ನು ಯಾರಿಗಾದರೂ ಕೊಟ್ಟುಬಿಡಿ' ಅನ್ನುತ್ತಾಳೆ. ಮಗಳು ಗ್ಯಾರೇಜಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಅಪ್ಪ ತೋಟದ ಜೀಪನ್ನು ಒಂದು ಸಂಜೆಯಲ್ಲಿ ಬಿಚ್ಚಿ ಸರಿಮಾಡುತ್ತಿದ್ದರು. ನನಗೆ ಮುಗಿಸಲೂ ಆಗುತ್ತಿಲ್ಲ, ಬಿಡಲೂ ಆಗುತ್ತಿಲ್ಲ. ನನಗೇನಾಗಿದೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಾರು ಕಂಡಿತು. ಎರಡನೇ ಸಲ ನಿಮ್ಮಪ್ಪನ ಜೀಪು ಕಂಡಿತು.

ನಿಮಗೆ ಬೇರೇನೂ ಆಗಿಲ್ಲ. ದುಃಖವಾಗಿದೆ. ಅದು ಇನ್ನೂ ಹೊರಗೆ ಬಂದಿಲ್ಲ.

ಸಾವಿನ ಮನೆಯಲ್ಲಿ ಇರುವವರ ಕೈಗೆ ಬಿಡುವಿರುವುದಿಲ್ಲ. ಬಂದವರಿಗೆ ಚಾಪೆ ಹಾಸಬೇಕು, ಕಾಫಿ ಕೊಡಬೇಕು, ಕಾರ್ಯಕ್ಕೆ ಸಾಮಾನು ತರಬೇಕು, ನೂರು ಜನಕ್ಕೆ ನೂರು ಸಲ ಅದೇ ಕಥೆ ಹೇಳಬೇಕು. ಹಾಗೆ ಹೇಳುತ್ತ ಹೇಳುತ್ತಲೇ, ಹೋದವರು ಹೋದರು ಎಂಬುದನ್ನು ಮನಸ್ಸು ಸ್ವಲ್ಪ ಸ್ವಲ್ಪವಾಗಿ ಒಪ್ಪುತ್ತದೆ. ನೀವು ಹೋಗಿ ಮುಟ್ಟುವಷ್ಟರಲ್ಲಿ ಮುಖ ನೋಡುವುದೂ ತಪ್ಪಿತ್ತು. ತಿರುಗಿ ಬಂದ ಊರಿನಲ್ಲಿ ನಿಮ್ಮಪ್ಪನನ್ನು ಕಂಡವರು ಬೆರಳೆಣಿಕೆಯಷ್ಟು ಜನ. ಕೈಗೆ ಕೆಲಸವಿಲ್ಲ, ಮಾತಿಗೆ ಕಿವಿಯಿಲ್ಲ. ಆಗ ನೀವೇ ಕೈಗೊಂದು ಕೆಲಸ ಹುಡುಕಿಕೊಂಡಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದೂರದ ದೇಶಗಳಿಂದ ನನಗೆ ಬರೆಯುವ ಎಷ್ಟೋ ಜನ ಇದೇ ನೋವನ್ನು ಬೇರೆ ಬೇರೆ ಹೆಸರಿನಲ್ಲಿ ಹೇಳುತ್ತಾರೆ. ಒಬ್ಬರು ಹಿತ್ತಲು ಅಗೆಯುತ್ತಾರೆ, ಇನ್ನೊಬ್ಬರು ಅಮ್ಮನ ಅಡುಗೆಯ ರುಚಿ ಬರುವವರೆಗೂ ಒಂದೇ ಸಾರನ್ನು ಮತ್ತೆ ಮತ್ತೆ ಕುದಿಸುತ್ತಾರೆ.

ಒಂದು ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು: 'ಅಪ್ಪ ಒಂದು ಸಂಜೆಯಲ್ಲಿ ಸರಿಮಾಡುತ್ತಿದ್ದರು.' ಮಕ್ಕಳ ನೆನಪು ಹಾಗೆಯೇ ಇರುತ್ತದೆ. ಜೀಪು ಸ್ಟಾರ್ಟಾದ ಸಂಜೆ ನೆನಪಿರುತ್ತದೆ. ಅದು ವಾರಗಟ್ಟಲೆ ಕೊಟ್ಟಿಗೆಯ ಪಕ್ಕ ಬಾನೆಟ್ ತೆರೆದುಕೊಂಡು ನಿಂತಿದ್ದು, ಪೇಟೆಯಿಂದ ತಂದ ಸಾಮಾನು ಹೊಂದದೆ ವಾಪಸು ಹೋಗಿದ್ದು ನೆನಪಿರುವುದಿಲ್ಲ. ನಿಮ್ಮ ತಾಯಿಯವರೋ ತೋಟದ ಹಳೆಯ ಆಳುಗಳೋ ಇದ್ದರೆ ಒಮ್ಮೆ ಕೇಳಿ ನೋಡಿ. ಅಪ್ಪ ಸೋತ ಸಂಜೆಗಳ ಕಥೆಯೂ ನಿಮಗೆ ಬೇಕಾಗಿದೆ. ಅದನ್ನು ಕೇಳಿದರೆ ಅಪ್ಪ ಚಿಕ್ಕವರಾಗುವುದಿಲ್ಲ, ಹತ್ತಿರದವರಾಗುತ್ತಾರೆ.

ನನಗೆ ಯಂತ್ರಗಳ ವಿಷಯ ಅಷ್ಟಾಗಿ ತಿಳಿಯದು. ಆದ್ದರಿಂದ ಈ ಕಾರುಗಳನ್ನು ಬಿಚ್ಚಿ ಕೂಡಿಸುವವರ ಹತ್ತಿರ ನಿಮ್ಮ ವಿಷಯ ಹೇಳಿ ಕೇಳಿದೆ. ಊರು ಯಾವುದೆಂದು ಹೇಳಲಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ಅವರು ಹೇಳಿದ್ದರಲ್ಲಿ ಎರಡು ಸಂಗತಿಗಳು ನಿಮ್ಮ ಮನಸ್ಸಿಗೂ ಸಂಬಂಧಪಟ್ಟವು.

ಮೊದಲನೆಯದು, ನಿಮ್ಮ ಕೆಲಸಗಳ ಪಟ್ಟಿ ಏಕೆ ಮುಗಿಯುತ್ತಿಲ್ಲ ಎಂಬುದು. ಈ ಕಾರನ್ನು ಒಂದು ಇಂಚಿನಷ್ಟು ಎತ್ತರಿಸುವುದು ಸುಲಭದ ಕೆಲಸವಂತೆ. ಚಕ್ರದ ಕುಲುಕು ತಡೆಯುವ ಸ್ಟ್ರಟ್ ಮೇಲ್ಗಡೆ ಒಂದು ಬಿಲ್ಲೆ ಕೂರಿಸಿದರೆ ಆಯಿತು. ಎರಡು ಇಂಚಿಗೆ ಹೋದಿರೋ, ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಓರೆಯಾಗಿ ಅದರ ಕೀಲು ಬೇಗ ಸವೆಯುತ್ತದೆ. ಹಿಂದಿನ ಚಕ್ರಗಳು ವಾಲುತ್ತವೆ. ಅದನ್ನು ಸರಿಪಡಿಸಲು ಅಡಿಯ ಚೌಕಟ್ಟಾದ ಸಬ್‌ಫ್ರೇಮನ್ನು ಕೆಳಗಿಳಿಸುವ ಬಿಲ್ಲೆಗಳು ಬೇಕು, ಬ್ರೇಕ್ ಪೈಪು ಎಳೆದುಕೊಳ್ಳದಂತೆ ನೋಡಬೇಕು, ಕೊನೆಗೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಅಂದರೆ ಕೆಲಸ ಬೆಳೆದದ್ದು ನಿಮ್ಮ ಕೈಲಾಗದ್ದರಿಂದ ಅಲ್ಲ. ಒಂದು ಇಂಚು ಹೆಚ್ಚಿಗೆ ಬಯಸಿದ್ದರಿಂದ.

ಎರಡನೆಯದನ್ನು ಕೇಳಿದಾಗ ನನಗೆ ನಿಮ್ಮ ಪತ್ರ ಪೂರ್ತಿ ಅರ್ಥವಾಯಿತು. ಇಮೋಜಿನ್ ಪಾಸ್ 13,114 ಅಡಿ ಎತ್ತರದ್ದು, ಕಲ್ಲು ಮೆಟ್ಟಿಲಿನಂಥ ದಾರಿ. ಅಲ್ಲಿಗೆ ಎತ್ತರವಿದ್ದರೆ ಸಾಲದು, ನಿಧಾನವಾಗಿ ಬಲ ಹಾಕಿ ಹತ್ತುವ 'ಲೋ' ಗೇರು ಬೇಕು. ಆಸ್ಟ್ರೇಲಿಯಾದಲ್ಲಿ ಮಾರಿದ ಕೆಲವು ಮ್ಯಾನುಯಲ್ ಗೇರಿನ ಫಾರೆಸ್ಟರ್‌ಗಳಲ್ಲಿ ಅಂಥ ಎರಡು ಹಂತದ ಗೇರು ಇತ್ತು. ಅಮೆರಿಕದಲ್ಲಿ ಮಾರಿದವುಗಳಲ್ಲಿ ಇಲ್ಲ. ಎಷ್ಟು ಇಂಚು ಎತ್ತಿದರೂ ಆ ಗೇರು ಬರುವುದಿಲ್ಲ.

ತೋಟದ ಜೀಪಿನಲ್ಲಿ ಆ ಗೇರು ಇತ್ತು. ಮಳೆಗಾಲದಲ್ಲಿ ಕೆಸರಿನ ಏರು ಬಂದಾಗ ಅಪ್ಪ ಸಣ್ಣ ಕಡ್ಡಿಯೊಂದನ್ನು ಎಳೆದು ಹಾಕುತ್ತಿದ್ದುದು ನಿಮ್ಮ ಕಣ್ಣಿಗೆ ಕಟ್ಟಿದಂತಿರಬೇಕು. ನೀವು ಎಂಟು ತಿಂಗಳಿಂದ ಫಾರೆಸ್ಟರನ್ನು ಅಪ್ಪನ ಜೀಪು ಮಾಡಲು ಹೊರಟಿದ್ದೀರಿ. ಅದು ಆಗದ ಕೆಲಸ. ಆಗದ ಕೆಲಸವಾದ್ದರಿಂದಲೇ ಮುಗಿಯುತ್ತಿಲ್ಲ. ಮುಗಿದರೆ ಅಪ್ಪನ ಜೊತೆಗಿನ ಮಾತೂ ಮುಗಿದೀತು ಎಂಬ ಅಂಜಿಕೆಯೂ ಒಳಗೆಲ್ಲೋ ಇದ್ದೀತು. ಇದನ್ನು ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ಹೊರೆ ಇಳಿಸಲು ಹೇಳುತ್ತಿದ್ದೇನೆ. ಈ ಕಾರು ಜೀಪಾಗಬೇಕಿಲ್ಲ. ನಿಮ್ಮ ಮಗಳು ಮುಂದೊಂದು ದಿನ 'ನಮ್ಮಪ್ಪನ ಕಾರು' ಎಂದು ನೆನೆಯುವಂಥದ್ದಾದರೆ ಸಾಕು.

ಇನ್ನು ನಿಮ್ಮ ಹೆಂಡತಿಯ ಮಾತು. 'ಯಾರಿಗಾದರೂ ಕೊಟ್ಟುಬಿಡಿ' ಅಂದಿದ್ದು ಕಾರಿನ ಮೇಲಿನ ಸಿಟ್ಟಿನಿಂದ ಎಂದು ನನಗೆ ಅನ್ನಿಸುವುದಿಲ್ಲ. ರಾತ್ರಿ ಒಂದು ಗಂಟೆಗೆ ಪಕ್ಕದ ಹಾಸಿಗೆ ಖಾಲಿಯಿರುವುದನ್ನು ನೋಡುತ್ತ ಮಲಗುವವರು ಅವರು. ಮಾವನನ್ನು ಕಳೆದುಕೊಂಡ ದುಃಖ ಅವರಿಗೂ ಇದೆ, ಮೊಮ್ಮಗಳಿಗೂ ಇದೆ. ಒಂದೇ ಮನೆಯಲ್ಲಿ ಮೂವರು ಮೂರು ಕಡೆ ಕೂತು ಒಬ್ಬರನ್ನೇ ನೆನೆಯುತ್ತಿದ್ದೀರಿ.

ಈಗ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಬೇಕಿಲ್ಲ, ಮೊದಲನೆಯದರ ಹೊರತು.

ಮೊದಲನೆಯದು, ಜಾಕ್ ಜಾರಿದ್ದನ್ನು ಇವತ್ತೇ ಹೆಂಡತಿಗೆ ಹೇಳಿ. ಈ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಜಾಕ್ ಇರುವುದು ಎತ್ತಲಿಕ್ಕೆ, ಹೊರಲಿಕ್ಕೆ ಅಲ್ಲ. ಬರೀ ಜಾಕ್ ಮೇಲಿರುವ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಗಟ್ಟಿ ಕಾಂಕ್ರೀಟ್ ನೆಲದ ಮೇಲೆ ಸ್ಟ್ಯಾಂಡ್ ಇಡಿ, ನೆಲದ ಮೇಲಿರುವ ಚಕ್ರಕ್ಕೆ ತಡೆ ಕೊಡಿ, ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಕೆಳಗೆ ಹೋಗುವ ಮುಂಚೆ ಕಾರನ್ನು ಒಮ್ಮೆ ಅಲುಗಿಸಿ ನೋಡಿ. ಮನೆಯವರು ಎಚ್ಚರವಾಗಿರುವಾಗ, ಅವರಿಗೆ ತಿಳಿಸಿಯೇ ಕೆಳಗೆ ಹೋಗಿ. ರಾತ್ರಿ ಒಂಬತ್ತರ ನಂತರ ಗ್ಯಾರೇಜಿನ ದೀಪ ಆರಲಿ. ನಿದ್ದೆಗೆಟ್ಟ ಕೈ ತಪ್ಪು ಮಾಡುತ್ತದೆ. ಈ ಅಂಕಣ ಓದುತ್ತಿರುವ, ಮನೆಯಲ್ಲೇ ಗಾಡಿ ಬಿಚ್ಚುವ ಎಲ್ಲರಿಗೂ ಈ ಮಾತು ಸೇರುತ್ತದೆ.

ಎರಡನೆಯದು, ಪಟ್ಟಿಯನ್ನು ಹೊಸದಾಗಿ ಬರೆಯಿರಿ. ಮೇಲುಗಡೆ 'ಎತ್ತರ' ಬೇಡ, 'ಆರೋಗ್ಯ' ಎಂದು ಬರೆಯಿರಿ. 2004ರ ಈ 2.5 ಲೀಟರ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. 1,05,000 ಮೈಲಿಗೆ ಅದನ್ನು ಬದಲಿಸಬೇಕೆಂಬುದು ನಿಯಮ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಹಿಂದಿನ ಮಾಲೀಕರು ಬದಲಿಸಿದ ದಾಖಲೆ ಇಲ್ಲದಿದ್ದರೆ ಮೊದಲು ಅದು, ಜೊತೆಗೇ ವಾಟರ್ ಪಂಪ್. ಆಮೇಲೆ ಈ ಎಂಜಿನ್ನಿನಲ್ಲಿ ಪದೇ ಪದೇ ತೊಂದರೆ ಕೊಡುವ ಹೆಡ್ ಗ್ಯಾಸ್ಕೆಟ್ ಒಸರುತ್ತಿದೆಯೇ ನೋಡಿ. ನಂತರ ಬ್ರೇಕು. ನಾಲ್ಕೂ ಟೈರು ಒಂದೇ ಬಗೆಯವು, ಒಂದೇ ಸಮ ಸವೆದವು ಇರಲಿ. ಯಾವಾಗಲೂ ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಗಾಡಿಯಲ್ಲಿ ಒಂದು ಟೈರು ದೊಡ್ಡದು ಒಂದು ಚಿಕ್ಕದಾದರೆ ನಡುವಿನ ಜೋಡಣೆ ಬಿಸಿಯಾಗಿ ಕೆಡುತ್ತದೆ. ಎತ್ತರಿಸುವ ಕಿಟ್ ಪೆಟ್ಟಿಗೆಯಲ್ಲೇ ಇರಲಿ, ಮುಂದಿನ ವರ್ಷಕ್ಕೆ. ಬೆಲ್ಟು ಅಥವಾ ಅಲೈನ್‌ಮೆಂಟನ್ನು ಹೊರಗಿನ ವರ್ಕ್‌ಶಾಪಿನಲ್ಲಿ ಮಾಡಿಸಿದರೆ ಅದು ಸೋಲಲ್ಲ. ಪೇಟೆಯ ಮೆಕ್ಯಾನಿಕ್ ಹತ್ತಿರ ಹೋಗದೆ ಯಾವ ಎಸ್ಟೇಟಿನ ಜೀಪೂ ಮೂವತ್ತು ವರ್ಷ ಓಡಿಲ್ಲ.

ಮೂರನೆಯದು, ಗ್ಯಾರೇಜಿನ ಬಾಗಿಲು ತೆರೆಯಿರಿ. ಶನಿವಾರ ಬೆಳಿಗ್ಗೆ ಮೂರು ಗಂಟೆ ಕಾರಿನ ಹೊತ್ತು, ಭಾನುವಾರ ಮನೆಯ ಹೊತ್ತು ಎಂದು ಗೊತ್ತುಮಾಡಿಕೊಳ್ಳಿ. ಮಗಳನ್ನು ಕರೆದು ಒಂದು ನಿಜವಾದ ಕೆಲಸ ಕೊಡಿ. ಟಾರ್ಚ್ ಹಿಡಿದು ನಿಲ್ಲುವುದನ್ನಲ್ಲ. ಬಿಚ್ಚುವ ಮುಂಚೆ ಪ್ರತಿ ಬೋಲ್ಟಿನ ಜಾಗಕ್ಕೆ ಗುರುತು ಹಾಕುವುದು, ಫೋಟೋ ತೆಗೆಯುವುದು, ಬಿಗಿಮಾಡಿದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ಅವಳ ಜವಾಬ್ದಾರಿಯಾಗಲಿ. ಕೆಲಸದ ನಡುವೆ ಅಜ್ಜನ ಒಂದು ಕಥೆ ಹೇಳಿ. ಎದುರು ಕೂರಿಸಿಕೊಂಡು ಹೇಳಲಾಗದ ಮಾತು ಕೈ ಕೆಲಸದಲ್ಲಿರುವಾಗ ತಾನಾಗಿ ಬರುತ್ತದೆ. ಅವಳು ಬರದಿದ್ದರೆ ಒತ್ತಾಯ ಬೇಡ, ಬಾಗಿಲು ತೆರೆದೇ ಇರಲಿ. ಹಣದ ಮಿತಿಯನ್ನೂ ಹೆಂಡತಿಯ ಜೊತೆ ಕೂತು ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ಯಾರ ಜೊತೆಗಾದರೂ ಮಾತಾಡಿ. ನೀವಿರುವ ದೇಶದಲ್ಲಿ ಕೊನೆಗಾಲದ ಆರೈಕೆ ನೀಡುವ ಅನೇಕ ಹಾಸ್ಪಿಸ್ ಸಂಸ್ಥೆಗಳು ಆಪ್ತರನ್ನು ಕಳೆದುಕೊಂಡವರ ಗುಂಪುಗಳನ್ನು ನಡೆಸುತ್ತವೆ. ಅನೇಕ ಕಂಪನಿಗಳು ನೌಕರರಿಗೆ ಆಪ್ತಸಲಹೆಯ ಕೆಲವು ಭೇಟಿಗಳನ್ನು ಉಚಿತವಾಗಿ ಕೊಡುತ್ತವೆ. ನಿಮ್ಮ ಆಫೀಸಿನಲ್ಲಿ ವಿಚಾರಿಸಿ. ನಿದ್ದೆ, ಊಟ ಹೀಗೇ ಕೆಟ್ಟಿದ್ದರೆ ನಿಮ್ಮ ವೈದ್ಯರಿಗೆ ಮುಚ್ಚಿಡದೆ ಹೇಳಿ. ಕಾರಿನ ಕೆಳಗಿರುವಾಗ 'ಬಿದ್ದರೆ ಬೀಳಲಿ' ಎಂಬಂಥ ಯೋಚನೆ ಒಮ್ಮೆ ಸುಳಿದರೂ ಕೂಡಲೇ ಹೊರಗೆ ಬಂದು 988ಕ್ಕೆ ಕರೆಮಾಡಿ. ಅಮೆರಿಕದಲ್ಲಿ ಹಗಲು ರಾತ್ರಿ ಸಿಗುವ ಸಹಾಯವಾಣಿ ಅದು. ಭಾರತದಲ್ಲಿರುವ ಓದುಗರು 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಕಾರಿಗೊಂದು ಬೇರೆ ದಾರಿ ಹೇಳುತ್ತೇನೆ. ಡೆನ್ವರ್‌ನಿಂದ ಪಶ್ಚಿಮಕ್ಕೆ ಕೋಮೊ ಮತ್ತು ಬ್ರೆಕನ್‌ರಿಜ್ ಊರುಗಳ ನಡುವೆ ಬೋರಿಯಸ್ ಪಾಸ್ ಇದೆ. 11,481 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ. ಹಿಂದೆ ಸಣ್ಣ ಹಳಿಯ ರೈಲು ಹತ್ತುತ್ತಿದ್ದ ಜಾಡನ್ನೇ ಈಗ ಮಣ್ಣಿನ ರಸ್ತೆ ಮಾಡಿದ್ದಾರೆ. ರೈಲಿಗೆ ಕಡಿದಾದ ಏರು ಆಗುವುದಿಲ್ಲವಾದ್ದರಿಂದ ದಾರಿ ಮೆಲ್ಲಗೆ ಸುತ್ತಿಕೊಂಡು ಏರುತ್ತದೆ. ಒಂದಿಂಚೂ ಎತ್ತರಿಸದ, ಆರೋಗ್ಯವಾಗಿರುವ ಫಾರೆಸ್ಟರಿಗೆ ಒಣ ಹವೆಯಲ್ಲಿ ಅದು ಧಾರಾಳವಾಗಿ ಸಾಧ್ಯ.

ಮುಂದಿನ ತಿಂಗಳು ಅಪ್ಪನ ವರ್ಷದ ಕಾರ್ಯ. ರಜೆ ಸಿಕ್ಕರೆ ಮೂವರೂ ಊರಿಗೆ ಹೋಗಿ ಬನ್ನಿ. ಸಿಗದಿದ್ದರೆ ಮಹಾಲಯ ಅಮಾವಾಸ್ಯೆ ಇದೆ, ಅದಕ್ಕೆ ಇನ್ನೂ ಮೂರು ತಿಂಗಳಿದೆ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಹೊತ್ತು. ಅದರ ಆಸುಪಾಸಿನಲ್ಲೇ ಅಲ್ಲಿನ ಬೆಟ್ಟಗಳ ಆಸ್ಪೆನ್ ಮರಗಳು ಅರಿಸಿನ ಬಣ್ಣಕ್ಕೆ ತಿರುಗುತ್ತವೆ. ಮನೆಯಲ್ಲಿ ಎಡೆ ಇಟ್ಟು, ಅಪ್ಪನಿಗೆ ಇಷ್ಟವಾದ ಕಡುಬು, ಕೋಳಿ ಸಾರು ಬುತ್ತಿ ಕಟ್ಟಿಕೊಂಡು, ಹವಾಮಾನ ನೋಡಿಕೊಂಡು ಮೂವರೂ ಹೊರಡಿ. ಮೇಲೆ ಹೋಗಿ ಕಾರು ನಿಲ್ಲಿಸಿ ಊಟ ಮಾಡಿ. ಅಳು ಬಂದರೆ ಅಳಿ, ಮಗಳು ನೋಡಿದರೆ ನೋಡಲಿ. ಅಪ್ಪನಿಗಾಗಿ ಅಳಬಹುದು ಎಂಬುದು ಅವಳಿಗೂ ಗೊತ್ತಾಗಲಿ.

ಅದಕ್ಕೆ ಮುಂಚೆ ಈ ಶನಿವಾರ ಒಂದೇ ಒಂದು ಕೆಲಸ ಮಾಡಿ. ಬಿಚ್ಚಿಟ್ಟ ಚಕ್ರಗಳನ್ನು ಮಗಳ ಜೊತೆ ಸೇರಿ ಹಾಕಿ, ಕಾರನ್ನು ಸ್ಟ್ಯಾಂಡಿನಿಂದ ನೆಲಕ್ಕಿಳಿಸಿ. ಮುಂದಿನದನ್ನು ನೆಲದ ಮೇಲೆ ನಿಂತ ಕಾರಿನಿಂದ ಶುರುಮಾಡೋಣ. ಆದಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.