ತಲೆಪೆಟ್ಟು: ಸ್ಕ್ಯಾನ್ ಹೇಳುವುದೆಷ್ಟು?

ತಲೆಗೆ ತೀವ್ರ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರು ಮತ್ತೆ ಚೇತರಿಸಿಕೊಳ್ಳುವರೇ ಎಂಬುದೇ ಬಂಧುಗಳ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ವೈದ್ಯರಿಗೆ ನೆರವಾಗುವ ಸಾಧನಗಳಲ್ಲಿ ಮಿದುಳಿನ ಸ್ಕ್ಯಾನ್ ಮುಖ್ಯವಾದುದು.

ರೋಗಿಯೊಬ್ಬರ ಮಿದುಳಿನ ಸಿ.ಟಿ. ಸ್ಕ್ಯಾನ್ ಮೊದಲು ನಡೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ತಲೆಬುರುಡೆಯೊಳಗಿನ ರಕ್ತಸ್ರಾವ, ಊತ, ಮಿದುಳು ಪಕ್ಕಕ್ಕೆ ಸರಿದಿರುವುದು ಇದರಿಂದ ನಿಮಿಷಗಳಲ್ಲೇ ತಿಳಿಯುತ್ತವೆ. ತುರ್ತು ಶಸ್ತ್ರಚಿಕಿತ್ಸೆಯ ನಿರ್ಧಾರಕ್ಕೆ ಇದೇ ಆಧಾರ. ಆದರೆ ತಲೆ ರಭಸದಿಂದ ಅಲುಗಿದಾಗ ಸೂಕ್ಷ್ಮ ನರತಂತುಗಳಿಗೆ ಆಗುವ ಹಾನಿ ಇದರಲ್ಲಿ ಅನೇಕ ವೇಳೆ ಕಾಣದು, ಎಂ.ಆರ್.ಐ. ಅದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಎಚ್ಚರದ ಸ್ಥಿತಿಯನ್ನು ಕಾಯುವ ಮಿದುಳುಕಾಂಡದ ಎರಡೂ ಬದಿಗಳಲ್ಲಿ ಗಾಯವಿದ್ದರೆ ಚೇತರಿಕೆ ಕಠಿಣ.

ಆದರೂ ಸ್ಕ್ಯಾನೊಂದನ್ನೇ ನಂಬಿ ಭವಿಷ್ಯ ನುಡಿಯಲಾಗದು. ರೋಗಿಯ ವಯಸ್ಸು, ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸುವ ರೀತಿ, ಗ್ಲಾಸ್ಗೋ ಕೋಮಾ ಮಾಪನದ ಅಂಕ ಇವೆಲ್ಲವನ್ನೂ ಕೂಡಿಸಿ ನೋಡಬೇಕು. 1974ರಲ್ಲಿ ರೂಪುಗೊಂಡ ಈ ಮಾಪನದಲ್ಲಿ ಅಂಕಗಳು 3ರಿಂದ 15ರವರೆಗೆ ಇರುತ್ತವೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಪೆಟ್ಟು ತೀವ್ರವೆಂದು ಅರ್ಥ.

2006ರಲ್ಲಿ ಬ್ರಿಟನ್ನಿನ ಸಂಶೋಧಕರು ಅಚ್ಚರಿಯ ಸಂಗತಿಯೊಂದನ್ನು ಪ್ರಕಟಿಸಿದರು. ರಸ್ತೆ ಅಪಘಾತದ ನಂತರ ಯಾವ ಮಾತಿಗೂ ಪ್ರತಿಕ್ರಿಯಿಸದಿದ್ದ ಯುವತಿಗೆ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದಾಗ, ಆಕೆಯ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿದುದನ್ನು ಸ್ಕ್ಯಾನ್ ತೋರಿಸಿತ್ತು.

ಹೀಗಾಗಿ ಆತುರದ ತೀರ್ಮಾನ ಸಲ್ಲದು. ಪ್ರಜ್ಞೆ ಮರಳದ ರೋಗಿಗಳೆಲ್ಲರ ಭವಿಷ್ಯವೂ ನಿರಾಶಾದಾಯಕವೆಂಬ ಅರ್ಥ ಬರುವ ಮಾತನ್ನು ಮೊದಲ 28 ದಿನಗಳಲ್ಲಿ ಆಡಬಾರದೆಂದು ಅಮೆರಿಕದ ನರರೋಗ ತಜ್ಞರ 2018ರ ಮಾರ್ಗಸೂಚಿ ವೈದ್ಯರಿಗೆ ತಿಳಿಸುತ್ತದೆ. ಸ್ಕ್ಯಾನ್ ಸೂಚಿಸುವುದು ಸಾಧ್ಯತೆಯನ್ನು ಮಾತ್ರ. ಮುಂದಿನ ತಪಾಸಣೆ ಯಾವಾಗ, ಯಾವ ಬದಲಾವಣೆಗಳನ್ನು ಗಮನಿಸಬೇಕು ಎಂಬುದನ್ನು ಬಂಧುಗಳು ವೈದ್ಯರಿಂದ ಕೇಳಿ ತಿಳಿಯುವುದು ಒಳಿತು.