ಆಟಿಸಂ: ದಾರಿ ನಡೆದವರು ಜೊತೆಗಿದ್ದರೆ



ಆಟಿಸಂ ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ತಾಯಿತಂದೆಯರ ತಪ್ಪಿನಿಂದ ಬರುವುದಲ್ಲ. ಇದನ್ನು ಮನಮುಟ್ಟುವಂತೆ ಹೇಳಬಲ್ಲವರು ಅಂಥ ಮಗುವನ್ನು ಬೆಳೆಸಿದವರೇ. ಆಟಿಸಂ ಇರುವ ಮಗನ ತಾಯಿ ಮೆರ್ರಿ ಬರುವಾ 1991ರಲ್ಲಿ ದೆಹಲಿಯಲ್ಲಿ ‘ಆ್ಯಕ್ಷನ್ ಫಾರ್ ಆಟಿಸಂ’ ಸಂಸ್ಥೆ ಕಟ್ಟಿದರು. ಅಲ್ಲಿ ಪೋಷಕರಿಗೂ ತರಬೇತಿಯಿದೆ.

ಕೆಲಸಕ್ಕೆಂದು ವಾಳೂಜ್‌ಗೆ ಬಂದ ನಮ್ಮವರಿಗೆ ಅಜ್ಜಿ, ಅತ್ತೆಯರ ಆಸರೆ ದೂರದ ಊರಲ್ಲಿ. ಇಲ್ಲಿ ಅನುಭವಸ್ಥ ಪೋಷಕರೇ ಆಸರೆ. ಅವರು ತಿಳಿಸಬಹುದಾದ ಮೂರು ಸಂಗತಿಗಳು:

1. ಒಂದೂವರೆ ವರ್ಷವಾದರೂ ಮಾತು ಬಾರದಿದ್ದರೆ, ಹೆಸರು ಕರೆದರೂ ಮಗು ತಿರುಗದಿದ್ದರೆ, ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.

2. ಶಾಲೆಯಲ್ಲಿ ಮರಾಠಿ ಇದ್ದರೂ ಮನೆಯಲ್ಲಿ ಕನ್ನಡ ಬಿಡಬೇಡಿ. ಎರಡು ಭಾಷೆಯಿಂದ ಆಟಿಸಂ ಹೆಚ್ಚುವುದಿಲ್ಲ.

3. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮಾಡಿಸಿ, ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಗೆ ಸೇರಿಸಿ. ವರ್ಷಕ್ಕೆ 1 ಲಕ್ಷ ರೂ.ವರೆಗೆ ರಕ್ಷಣೆಯಿದೆ.

ಆದರೆ ವಿಮೆಯ ಹಣ ಬರುವುದು ನಾವು ಬಿಲ್ಲು ಕಟ್ಟಿದ ಮೇಲೆ. ಮೊದಲು ಕಟ್ಟಲು ಕೈಯಲ್ಲಿ ಹಣವಿಲ್ಲದೆ ಥೆರಪಿ ನಿಲ್ಲಬಾರದು. ಆ ನಡುವಿನ ದಿನಗಳಿಗಾಗಿಯೇ ನಮ್ಮ ವೈದ್ಯಕೀಯ ನೆರವು ನಿಧಿಗೆ ಕೈಲಾದಷ್ಟು ಕೊಡಿ. ನಿಮ್ಮ ಮನೆಯಲ್ಲೂ ಇಂಥ ಮಗು ಬೆಳೆದಿದ್ದರೆ, ಹೊಸ ಪೋಷಕರೊಡನೆ ಒಂದು ಸಂಜೆ ಕುಳಿತು ಮಾತಾಡಿ. ಅದೂ ದೇಣಿಗೆಯೇ.