ಲಾವಂಚ: ಮನೆಗೆ ಪರಿಮಳ, ತೋಟಕ್ಕೆ ಬೇಲಿ



ಮಳೆಗಾಲದಲ್ಲಿ ಗಂಗಾವಳಿ ನದಿಯು ಮಂಜಗುಣಿಯ ಬಳಿ ಕೆಂಪಾಗಿ ಸಮುದ್ರ ಸೇರುವುದನ್ನು ನಾವೆಲ್ಲರೂ ನೋಡುತ್ತೇವೆ. ಆ ಕೆಂಪು ಬಣ್ಣ ಘಟ್ಟದ ಮತ್ತು ನಮ್ಮ ತೋಟಗಳ ಮೇಲ್ಮಣ್ಣಿನದು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಕೂಲಿ ಕೊಟ್ಟು ತೋಟಕ್ಕೆ ಹೊಸಮಣ್ಣು ಹಾಕಿಸುತ್ತೇವೆ. ಅದನ್ನು ಉಳಿಸಿಕೊಳ್ಳುವ ಬಗ್ಗೆ ಮಾತ್ರ ಅಷ್ಟು ಗಮನ ಕೊಡುವುದಿಲ್ಲ. ಈ ಕೆಲಸಕ್ಕೆ ನೆರವಾಗುವ ಒಂದು ಹುಲ್ಲು ಮನೆಯ ಹಿತ್ತಿಲಲ್ಲೇ ಬೆಳೆಯುತ್ತದೆ. ಅದೇ ಲಾವಂಚ.

ಗುರುತು

ಲಾವಂಚವನ್ನು ಮಜ್ಜಿಗೆ ಹುಲ್ಲಿನೊಡನೆ ಗೊಂದಲ ಮಾಡಿಕೊಳ್ಳಬಾರದು. ಮಜ್ಜಿಗೆ ಹುಲ್ಲಿಗೆ ಎಲೆಯಲ್ಲಿ ಪರಿಮಳ, ಲಾವಂಚಕ್ಕೆ ಬೇರಿನಲ್ಲಿ. ಆಯುರ್ವೇದದಲ್ಲಿ ಇದಕ್ಕೆ ಉಶೀರವೆಂದು ಹೆಸರು. ಇದರ ಬೇರು ಅಕ್ಕಪಕ್ಕ ಹರಡದೆ ನೇರ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ 6ರಿಂದ 10 ಅಡಿಯವರೆಗೂ ಹೋಗುವುದುಂಟು. ದಕ್ಷಿಣ ಭಾರತದ ತಳಿ ಬೀಜದಿಂದ ಹರಡುವುದಿಲ್ಲವಾದ್ದರಿಂದ ತೋಟದಲ್ಲಿ ಕಳೆಯಾಗುವ ಭಯವಿಲ್ಲ. ಸಸಿ ತರುವಾಗ ಈ ತಳಿಯನ್ನೇ ಕೇಳಿ ತರಬೇಕು.

ಎರಡು ಉಪಯೋಗ, ಎರಡು ಜಾಗ

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಪರಿಮಳ ಬೇಕಾದರೆ ಬೇರನ್ನು ಅಗೆಯಬೇಕು. ಮಣ್ಣು ಉಳಿಯಬೇಕಾದರೆ ಬೇರನ್ನು ಮುಟ್ಟಕೂಡದು. ಒಂದೇ ಸಾಲಿನಿಂದ ಎರಡೂ ಲಾಭ ದೊರೆಯದು. ಲಾವಂಚದ ಎಣ್ಣೆಗೆ ಹೆಸರಾದ ಹೈಟಿ ದೇಶದಲ್ಲಿ ಬೇರಿಗಾಗಿ ಇಳಿಜಾರನ್ನು ಅಗೆದು ಗುಡ್ಡದ ಮಣ್ಣು ಕೊಚ್ಚಿಹೋಗಿರುವುದು ನಮಗೊಂದು ಪಾಠ. ಆದುದರಿಂದ ಮನೆಗೆ ಬೇಕಾದಷ್ಟನ್ನು ಚೀಲದಲ್ಲಿ ಬೆಳೆಸಿ, ಬದುವಿನದನ್ನು ಬದುವಿಗೇ ಬಿಡುವುದು ಲೇಸು.

ಚೀಲದಲ್ಲಿ ಬೆಳೆಸುವ ಕ್ರಮ

1. ಖಾಲಿ ಸಿಮೆಂಟ್ ಚೀಲದ ತಳದಲ್ಲಿ ತೂತು ಮಾಡಿ, ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಒಂದು ಪಾಲು ಹಳೆಯ ಗೊಬ್ಬರ ತುಂಬಬೇಕು. ಚೀಲವನ್ನು ಕಲ್ಲುಚಪ್ಪಡಿಯ ಮೇಲಿಟ್ಟರೆ ಬೇರು ನೆಲಕ್ಕಿಳಿಯದು.

2. ಹಳೆಯ ಬುಡವನ್ನು ಎರಡು ಮೂರು ಹಿಳ್ಳುಗಳಿರುವಂತೆ ಒಡೆದು, ಎಲೆಯನ್ನು 6ರಿಂದ 8 ಅಂಗುಲಕ್ಕೂ ಬೇರನ್ನು 2ರಿಂದ 3 ಅಂಗುಲಕ್ಕೂ ಕತ್ತರಿಸಿ, ಜೂನ್ ತಿಂಗಳಲ್ಲಿ ನೆಡಬೇಕು. ಚೀಲಕ್ಕೆ ಎರಡು ಮೂರು ಬುಡ ಸಾಕು.

3. ಬಿಸಿಲು ಚೆನ್ನಾಗಿ ಬೀಳಬೇಕು. ಬೇಸಗೆಯಲ್ಲಿ ವಾರಕ್ಕೆರಡು ಸಲ ನೀರು ಕೊಟ್ಟರಾಯಿತು.

4. ಮರುವರ್ಷ ಕಳೆದು ಜನವರಿ-ಫೆಬ್ರವರಿಯಲ್ಲಿ, ಅಂದರೆ ಸುಮಾರು 18 ತಿಂಗಳಾದ ಮೇಲೆ, ಚೀಲ ಹರಿದು ಬೇರನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬುಡವನ್ನು ಎಸೆಯದೆ ಮತ್ತೆ ನೆಡಬೇಕು.

ಒಣಬೇರಿನ ಸಣ್ಣ ಕಟ್ಟನ್ನು ಕುಡಿಯುವ ನೀರಿನ ಕೊಡದಲ್ಲಿ ಹಾಕಬಹುದು. ಬಟ್ಟೆಯ ಪೆಟ್ಟಿಗೆಯಲ್ಲಿಯೂ ಇಡಬಹುದು.

ಬದುವಿನ ಸಾಲು

ಅಡಿಕೆಯ ದಟ್ಟ ನೆರಳಿನಲ್ಲಿ ಲಾವಂಚ ಏಳುವುದಿಲ್ಲ. ತೋಟದ ಹೊರಬದು, ಕಾದಿಗೆಯ ಮೇಲಂಚು, ಅಂಗಳದ ಇಳಿಜಾರು ಇದಕ್ಕೆ ತಕ್ಕ ಜಾಗಗಳು. ದಿನವೂ ಉಬ್ಬರದ ಉಪ್ಪುನೀರು ನಿಲ್ಲುವ ಗಜನಿಯಲ್ಲಿ ನೆಡುವುದು ಬೇಡ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 4ರಿಂದ 6 ಅಂಗುಲಕ್ಕೊಂದು ಬುಡದಂತೆ ನೆಟ್ಟು, ಸತ್ತ ಬುಡಗಳ ಜಾಗವನ್ನು ಅದೇ ಮಳೆಯಲ್ಲಿ ತುಂಬಬೇಕು. ಸಾಲಿನಲ್ಲಿ ಸಂದು ಉಳಿದರೆ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ. ಮೊದಲ ವರ್ಷ ಕಳೆ ತೆಗೆದು, ದನಗಳಿಂದ ಕಾಯಬೇಕು. ಆಮೇಲೆ ವರ್ಷಕ್ಕೆರಡು ಮೂರು ಸಲ ಒಂದಡಿ ಎತ್ತರಕ್ಕೆ ಕೊಯ್ದರೆ ಬುಡ ದಟ್ಟವಾಗುತ್ತದೆ. ಕೊಯ್ದ ಹುಲ್ಲು ಅಡಿಕೆ ಬುಡಕ್ಕೆ ಒಳ್ಳೆಯ ಮುಚ್ಚಿಗೆ.

ಇದು ಪರದೇಶದಿಂದ ಬಂದ ವಿದ್ಯೆಯಲ್ಲ. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ಬೆಳೆಸುತ್ತ ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಭಾರತದಲ್ಲಿ ಈ ಪದ್ಧತಿಯನ್ನು ಪ್ರಚಾರ ಮಾಡಿದರು.

ಇದರ ಮಿತಿ

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ, 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಯಾರೂ ಮರೆತಿಲ್ಲ. ಅಂಥ ಆಳದ ಕುಸಿತವನ್ನು ಲಾವಂಚ ತಡೆಯಲಾರದು. ಅದು ಹಿಡಿದಿಡುವುದು ಮೇಲ್ಮಣ್ಣನ್ನು ಮತ್ತು ಸಣ್ಣ ಧರೆಯನ್ನು. ಗುಡ್ಡದಲ್ಲಿ ಬಿರುಕು ಕಂಡರೆ, ಹೊಸದಾಗಿ ಕೆಸರುನೀರು ಒಸರಿದರೆ, ಹುಲ್ಲನ್ನು ನಂಬಿ ಕೂಡ್ರದೆ ಮೊದಲು ಮನೆಮಂದಿಯನ್ನು ಬೇರೆಡೆಗೆ ಕಳಿಸಿ, ತಹಶೀಲ್ದಾರರ ಕಚೇರಿಗೆ ತಿಳಿಸತಕ್ಕದ್ದು.

ಬರುವ ಮಳೆಗಾಲಕ್ಕೆ ಪ್ರತಿಯೊಬ್ಬ ಸದಸ್ಯರೂ ಹಿತ್ತಿಲಲ್ಲಿ ಒಂದು ಚೀಲ, ಬದುವಿನಲ್ಲಿ ಹತ್ತು ಮಾರು ಸಾಲು ನೆಟ್ಟು ನೋಡಬೇಕಾಗಿ ವಿನಂತಿ. ಹೆಚ್ಚಾದ ಬುಡಗಳನ್ನು ನೆರೆಯವರಿಗೆ ಹಂಚಿದರೆ ಖರ್ಚಿಲ್ಲದೆ ಊರಿಗೆಲ್ಲ ಹಬ್ಬುತ್ತದೆ.

- ಕಾರ್ಯದರ್ಶಿ